ಟೈಪಿಂಗ್ ಮಾಸ್ತರರ ನಾಲ್ಕನೆಯ ತಟ್ಟು

ಗಿಟಾರಿನ ಆ ಎಕೋ ಪೆಡಲಿಗೆ ನಾನು ಕೊಟ್ಟದ್ದು ನಾಲ್ಕು ಸಾವಿರದ ಇನ್ನೂರು ರೂಪಾಯಿ. ಮಾರುವವ ಹೇಳಿದ್ದು ಆರೂವರೆ ಸಾವಿರ. ಹುಬ್ಬಳ್ಳಿಯ ಒಂದು ಲಾಡ್ಜಿನ ಕೋಣೆಯಲ್ಲಿ ಎರಡು ತಾಸು ಕೂತು, ಮೂರು ಸಲ ಎದ್ದು ಬಾಗಿಲ ತನಕ ಹೋಗಿ, ಮೂರು ಸಲವೂ ಅವನಿಂದಲೇ ಕರೆಸಿಕೊಂಡು ಇಳಿಸಿದ ಬೆಲೆ ಅದು. ಅವನು ಗೋವಾದ ಹೋಟೆಲೊಂದರಲ್ಲಿ ಗಿಟಾರ್ ಬಾರಿಸುತ್ತಿದ್ದವ, ದುಬೈಗೆ ಹೊರಟಿದ್ದ. ಊರು ಬಿಡುವ ತರಾತುರಿಯಲ್ಲಿದ್ದವನ ಹತ್ತಿರ ವ್ಯಾಪಾರ ಮಾಡುವುದು ಸುಲಭ. ಕೊನೆಗೆ ಅವನು, “ಕಾಲಿಂದ ತಾಳ ಕೊಡಬೇಕಾದರೆ ಇದರ ಹಿಂಬದಿಗೆ ಇನ್ನೊಂದು ಪುಟ್ಟ ಪೆಡಲ್ ಸಿಕ್ಕಿಸಬೇಕು, ಅದಕ್ಕೆ ಬೇರೆ ನಾನೂರೈವತ್ತು” ಅಂದ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನ ಜೊತೆ ಬಂದಿದ್ದ ಒಂದು ಕಾಲುಪೆಡಲ್ ಶಿರಸಿಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ತೂತು ಅದೇ, ಪಿನ್ನು ಅದೇ. ಬೇಡ ಅಂದೆ. ನಾನೂರೈವತ್ತು ಉಳಿಯಿತು.

ಅದು ಉಳಿದದ್ದರಿಂದ ಒಬ್ಬರು ಗಿಟಾರ್ ಬಾರಿಸುವುದನ್ನೇ ಬಿಟ್ಟರು. ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು.

ನಾನು ಬನವಾಸಿ ಕಡೆಯವ. ಒಂದು ಆಂಪ್ಲಿಫಯರ್, ಎರಡು ಹಾರ್ನು ಹೊತ್ತುಕೊಂಡು ಶಿರಸಿಗೆ ಬಂದು, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತ ಕೊಡುತ್ತ ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಒಂದು ಆರ್ಕೆಸ್ಟ್ರಾದ ಯಜಮಾನನಾಗಿದ್ದೆ. ನನಗೆ ಸ್ವರ ಗೊತ್ತಿಲ್ಲ, ತಾಳ ಗೊತ್ತಿಲ್ಲ. ಯಾವುದಕ್ಕೆ ಎಷ್ಟು ಕೊಡಬೇಕು ಎಂಬುದು ಗೊತ್ತಿತ್ತು. ತಾಳ ಗೊತ್ತಿದ್ದವರು ನಮ್ಮ ಗಿಟಾರಿನವರು, ಅಂದರೆ ಟೈಪಿಂಗ್ ಮಾಸ್ತರರು.

ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಅವರ ಟೈಪಿಂಗ್ ತರಗತಿ. ಹನ್ನೆರಡು ಮಷಿನ್ನು, ಹತ್ತು ಇಂಗ್ಲಿಷು, ಎರಡು ಮಾತ್ರ ಕನ್ನಡ. ಊರು ಸಿದ್ದಾಪುರದ ಕಡೆ, ಮಾತು ಹವ್ಯಕರ ಕನ್ನಡ. ತೆಳ್ಳಗಿನ ಆಳು, ಬಿಳಿ ಅರ್ಧ ತೋಳಿನ ಅಂಗಿ, ಬೆರಳ ತುದಿಯಲ್ಲಿ ಯಾವಾಗಲೂ ರಿಬ್ಬನ್ನಿನ ಮಸಿ. ಮೇಜಿನ ಮೇಲೆ ಮರದ ಸ್ಕೇಲಿನಿಂದ ಒಂದೇ ಲಯದಲ್ಲಿ ಬಡಿಯುತ್ತಿದ್ದರು. ಹನ್ನೆರಡು ಮಷಿನ್ನುಗಳು ಆ ಏಟಿಗೆ ಸರಿಯಾಗಿ ಒಟ್ಟಿಗೇ ಠಕ್ ಅನ್ನಬೇಕು. ಕೆಳಗೆ ಚಹಾ ಕುಡಿಯುವವರಿಗೆ ಮೇಲೆ ಯಾವುದೋ ಪಲ್ಟನ್ ಕವಾಯತು ಮಾಡಿದಂತೆ ಕೇಳುತ್ತಿತ್ತು. ಯಾವನಾದರೂ ಅವಸರ ಮಾಡಿದರೆ ಅವರ ಒಂದೇ ಮಾತು: “ಓಡಡ. ನಡೆ. ಸಾಲು ಮುಗಿದ ಮೇಲೆ ಬೆಲ್ಲು ತನ್ನಷ್ಟಕ್ಕೇ ಹೊಡೀತು.”

ನಾನು ಒಮ್ಮೆ ಮೆಟ್ಟಿಲು ಹತ್ತುವಾಗ ಅವರು ಕೆಳಗಿಳಿದು ಬರುತ್ತಿದ್ದರು. ಅರ್ಧ ಮೆಟ್ಟಿಲಲ್ಲಿ ನಿಂತು, ಒಳಗಿನ ಸದ್ದಿಗೆ ಕಿವಿಗೊಟ್ಟು, “ಮೂರನೇ ಮಷಿನ್ನಿನ ಕೂಸಿಂದು ಎಡಗೈ ಕಿರಿಬೆರಳು ಮೈಗಳ್ಳ ಆಜು” ಎಂದು ವಾಪಸು ಹತ್ತಿ ಹೋದರು. ಐದು ನಿಮಿಷದ ಸ್ಪೀಡ್ ಪರೀಕ್ಷೆಗೆ ಅವರು ಗಡಿಯಾರ ನೋಡುತ್ತಿರಲಿಲ್ಲ. “ಸಾಕು” ಅಂದಾಗ ನಾವು ಗೋಡೆ ನೋಡಿದರೆ ಐದು ನಿಮಿಷ ಆಗಿರುತ್ತಿತ್ತು. ಇದರ ಮೇಲೆ ನಾನು ಚಹಾದಂಗಡಿಯಲ್ಲಿ ಬಾಜಿ ಕಟ್ಟಿ ಎರಡು ಸಲ ಗೆದ್ದಿದ್ದೇನೆ. ಅವರಿಗೆ ಗೊತ್ತಾಗಿ, “ಯನ್ನ ಹೆಸರಲ್ಲಿ ಗೆದ್ದ ಚಹಾ ಯಂಗೆ ಬತ್ತಿಲ್ಲೆ ಅಲ?” ಎಂದು ಕೇಳಿ ಒಂದು ಕಪ್ಪು ವಸೂಲಿ ಮಾಡಿದ್ದರು.

ಪ್ರಾಯದಲ್ಲಿ ದಾಂಡೇಲಿಯಲ್ಲಿ ಗುಮಾಸ್ತರಾಗಿದ್ದಾಗ ಗಿಟಾರ್ ಕಲಿತದ್ದಂತೆ. ವೇದಿಕೆಯಲ್ಲಿ ಕುಣಿಯುವುದು, ತಲೆ ಕುಣಿಸುವುದು ಏನೂ ಇಲ್ಲ. ಚಪ್ಪಲಿ ಕೆಳಗೆ ಬಿಟ್ಟು, ವೇದಿಕೆ ಮುಟ್ಟಿ ನಮಸ್ಕರಿಸಿ, ಬರಿಗಾಲಲ್ಲಿ ಒಂದೇ ಜಾಗದಲ್ಲಿ ನಿಂತು ಬಾರಿಸುವುದು. ಆರು ವರ್ಷ ನಮ್ಮ ಜೊತೆ ಬಾರಿಸಿದರು. ಡ್ರಮ್ಮಿನವ ಎಲ್ಲಿಯೋ ಓಡಿದರೆ ಇವರ ಗಿಟಾರು ಅವನ ಕಿವಿ ಹಿಡಿದು ಕರೆತರುತ್ತಿತ್ತು. ಹಾಡುಗಾರರು ಅವರನ್ನು ನೋಡಿಕೊಂಡೇ ಬಾಯಿ ತೆರೆಯುತ್ತಿದ್ದರು. ಸಂಭಾವನೆಯ ವಿಷಯದಲ್ಲಿ ನನ್ನ ಹತ್ತಿರ ಒಂದು ದಿನವೂ ಚೌಕಾಶಿ ಮಾಡಿದವರಲ್ಲ. ಮಾಡಿದ್ದರೆ ಅವರಿಗೇ ಒಳ್ಳೆಯದಿತ್ತು, ನಾನು ಹೆಚ್ಚು ಗೌರವ ಕೊಡುತ್ತಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಖರೆ.

ಎಕೋ ಪೆಡಲ್ ತಂದದ್ದಕ್ಕೆ ಕಾರಣ ಪೈಪೋಟಿ. ಹುಬ್ಬಳ್ಳಿಯ ಒಂದು ತಂಡ ಯಲ್ಲಾಪುರದ ತನಕ ಬಂದು ನಮ್ಮ ಕಾರ್ಯಕ್ರಮ ಕಸಿದುಕೊಳ್ಳುತ್ತಿತ್ತು. ಅವರ ಗಿಟಾರಿಗೆ ಈ ಡಬ್ಬಿ ಇತ್ತು. ಗಿಟಾರಿನ ಒಂದು ಸ್ವರವನ್ನು ಡಬ್ಬಿ ಹಿಡಿದಿಟ್ಟುಕೊಂಡು ತುಸು ಹೊತ್ತಿನ ಮೇಲೆ ಮತ್ತೊಮ್ಮೆ, ಆಮೇಲೆ ಮಗದೊಮ್ಮೆ ನುಡಿಸುತ್ತದೆ. ಆ ಮರುದನಿಗಳ ನಡುವಿನ ಅಂತರ ಹಾಡಿನ ತಾಳಕ್ಕೆ ಕೂಡಿದರೆ ಒಬ್ಬ ಗಿಟಾರಿನವ ಮೂವರಾದಂತೆ. ಕೂಡದಿದ್ದರೆ ಮೂವರು ವೇದಿಕೆಯ ಮೇಲೆ ಜಗಳ ತೆಗೆದಂತೆ. ಅಂತರ ಎಷ್ಟು ಎಂದು ಡಬ್ಬಿಗೆ ತಿಳಿಸುವುದು ಕಾಲಿನಿಂದ: ಹಾಡಿನ ತಾಳಕ್ಕೆ ಕಾಲುಪೆಡಲನ್ನು ನಾಲ್ಕು ಸಲ ತಟ್ಟಬೇಕು. ತಟ್ಟಿಗೂ ತಟ್ಟಿಗೂ ನಡುವಿನ ಹೊತ್ತನ್ನು ಅದು ಅಳೆದುಕೊಳ್ಳುತ್ತದೆ, ಕೊನೆಯ ತಟ್ಟನ್ನೇ ಹೆಚ್ಚು ನಂಬುತ್ತದೆ.

ತಾಳಕ್ಕೆ ಸರಿಯಾಗಿ ತಟ್ಟುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಹುಡುಕಿದರೂ ಆ ಕೆಲಸಕ್ಕೆ ಮಾಸ್ತರರಿಗಿಂತ ತಕ್ಕವರು ಸಿಗುತ್ತಿರಲಿಲ್ಲ. ಅವರೂ ಹಾಗೆಂದೇ ಖುಷಿಪಟ್ಟಿದ್ದರು. “ಇದು ಯನ್ನ ಸಲುವಾಗೇ ಮಾಡಿದ ಮಷಿನ್ನು ಮಾರಾಯ” ಅಂದಿದ್ದರು, ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ. ಕೀಬೋರ್ಡಿನ ಕಾಲುಪೆಡಲ್ ವೇದಿಕೆಯ ಹಲಗೆಯ ಮೇಲೆ ಜಾರುತ್ತಿತ್ತು. ನಾನೇ ಸೈಕಲ್ ಟ್ಯೂಬು ಕತ್ತರಿಸಿ, ಪಂಕ್ಚರ್ ಸೊಲ್ಯೂಶನ್ ಹಚ್ಚಿ ಅದರ ಅಡಿಗೆ ಅಂಟಿಸಿಕೊಟ್ಟೆ. ಖರ್ಚಿಲ್ಲದೆ ಕೆಲಸವಾಯಿತೆಂದು ನಾಲ್ಕು ಜನರಿಗೆ ತೋರಿಸಿದ್ದೆ.

ಅಭ್ಯಾಸ ಶುರುವಾದ ದಿನದಿಂದ ಮರುದನಿ ನಿಧಾನ. ಪ್ರತಿ ಸಲವೂ ಚೂರು ಹಿಂದೆ ಬೀಳುತ್ತಿತ್ತು. ಮಾಸ್ತರರು ಡ್ರಮ್ಮಿನ ಹತ್ತಿರ ಸರಿದು ನಿಂತು ನೋಡಿದರು. ಮೊದಲು ಎರಡು ಆವರ್ತನ ಕೇಳಿ ಆಮೇಲೆ ತಟ್ಟಿದರು. ಹಿಮ್ಮಡಿ ಊರಿ ಬೆರಳಿಂದ ತಟ್ಟಿದರು. ಒಮ್ಮೆ ಸರಿ, ಮೂರು ಸಲ ತಪ್ಪು. ಸಿದ್ದಾಪುರದಲ್ಲಿ ನೌಕರರ ಒಂದು ಕೂಟದಲ್ಲಿ ಎರಡು ಹಾಡು ಹೇಗೋ ದಾಟಿದವು. ಕೇಳುವವರಿಗೆ ತಿಳಿಯಲಿಲ್ಲ, ಹಾಡುವವಳಿಗೆ ತಿಳಿಯಿತು.

ಅದಾಗಿ ನಾಲ್ಕನೆಯ ದಿನ ಯಲ್ಲಾಪುರದಲ್ಲಿ ದೊಡ್ಡ ವರ್ತಕರೊಬ್ಬರ ಮನೆಯ ಮದುವೆ. ಹುಬ್ಬಳ್ಳಿಯವರಿಂದ ಕಿತ್ತು ತಂದ ಕಾರ್ಯಕ್ರಮ. ಹಿಂದಿನ ದಿನ ಮಾಸ್ತರರು ನನ್ನನ್ನು ತಮ್ಮ ತರಗತಿಗೆ ಕರೆಸಿದರು. ಮಕ್ಕಳೆಲ್ಲ ಹೋಗಿದ್ದರು. ನೆಲದ ಮೇಲೆ ಗಿಟಾರಿಗೆ ಜೋಡಿಸಿದ ಡಬ್ಬಿ, ಅದಕ್ಕೆ ಸಿಕ್ಕಿಸಿದ ಕಾಲುಪೆಡಲು. ನಮ್ಮ ಕೀಬೋರ್ಡಿನ ವಿನಾಯಕ ಕುರ್ಚಿಯಲ್ಲಿ ಕೂತಿದ್ದ.

“ತಮಾ, ಎಂತ ಆಗ್ತಾ ಇದ್ದು ಹೇಳಿ ಯಂಗೆ ಗೊತ್ತಾತು” ಅಂದರು. “ಈ ಪೆಡಲು ಒತ್ತಿದ್ದು ಕೇಳ್ತಿಲ್ಲೆ. ಬಿಟ್ಟಿದ್ದು ಕೇಳ್ತು.”

“ಅಂದ್ರ ಏನ್ರಿ ಮಾಸ್ತರ?”

ಅವರು ಹತ್ತಿರದ ಟೈಪ್ ಮಷಿನ್ನಿನ ಒಂದು ಕೀಲಿಯನ್ನು ಒತ್ತಿ ಹಿಡಿದುಕೊಂಡರು. “ಇಲ್ಲಿ ನೋಡು. ಒತ್ತಿದಿ, ಅಕ್ಷರ ಬಿತ್ತು. ಕಾಗದದ ಗಾಡಿ ಪೂರಾ ಮುಂದೆ ಹೋತ? ಇಲ್ಲೆ. ಈಗ ಬಿಡ್ತೆ. ಹೋತು ನೋಡು. ಇದೂ ಹಂಗೇಯ. ಆನು ಕಾಲು ಎತ್ತಿದಾಗ ಎಣಿಸ್ತಾ ಇದ್ದು. ಮೊದಲಿನ ಮೂರಕ್ಕೆ ಕಾಲು ಬೇಗ ಏಳ್ತು. ನಾಲ್ಕನೇದಕ್ಕೆ ಕೆಲಸ ಮುಗತ್ತು ಹೇಳಿ ಕಾಲು ಅಲ್ಲೇ ಕುಂತ್ಬಿಡ್ತು, ಆನು ತಂತಿ ನೋಡ್ತೆ. ಅಲ್ಲೇ ತಡ ಆಗೂದು.”

ಎಷ್ಟು ಸ್ಪಷ್ಟವಾಗಿ ಹೇಳಿದ್ದರು! ಇಂದಿಗೂ ಒಂದು ಅಕ್ಷರ ಬದಲಿಸುವಂತಿಲ್ಲ. “ಬೇರೆ ಪೆಡಲು ತರ್ಸು. ಅಥವಾ ಹತ್ತು ದಿನ ಕೊಡು, ಕಾಲಿಗೆ ಬೇರೆ ಪಾಠ ಹೇಳ್ತೆ. ನಾಳೆ ಡಬ್ಬಿ ಬ್ಯಾಡ, ಬರೀ ಗಿಟಾರ್ ಬಾರಿಸ್ತೆ” ಅಂದರು.

ಆದರೆ ನಾನು ಮದುವೆಯವರಿಗೆ ಎಕೋ ಗಿಟಾರ್ ಎಂದೇ ಹೇಳಿ ಒಪ್ಪಿಸಿದ್ದೆ. ಬೇರೆ ಪೆಡಲ್ ಅಂದರೆ ಬೇಡವೆಂದು ಬಿಟ್ಟುಬಂದ ನಾನೂರೈವತ್ತು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಕೊಳ್ಳಲು ಹೋದಾಗ ನಾನು ಬೆಲೆ ಇಳಿಸುವುದಿಲ್ಲ, ಮಾರುವವನಿಗೆ ತನ್ನ ಸಾಮಾನಿನ ಮೇಲೆಯೇ ಅನುಮಾನ ಬರುವಂತೆ ಮಾಡುತ್ತೇನೆ. ಬೆಲೆ ತಾನಾಗಿ ಇಳಿಯುತ್ತದೆ. ಅಂದು ಆ ಕೈಚಳಕವನ್ನು ಅವರ ಮೇಲೆ ತೋರಿಸಿದೆ.

“ಮಾಸ್ತರ, ಬಿಟ್ಟಾಗ ಕೇಳೂ ಪೆಡಲ್ ಯಾವ ಕಂಪನಿಯಾಂವ ಮಾಡ್ತಾನ್ರಿ? ಹಂಗಿದ್ರ ಯಾರ್ ತಟ್ಟಿದ್ರೂ ತಪ್ಪಬೇಕಲ್ಲ? ಏ ವಿನಾಯಕ, ಬಾರೋ ಇಲ್ಲಿ, ನೀ ತಟ್ಟು.”

ವಿನಾಯಕ ಕುಕ್ಕರುಗಾಲಲ್ಲಿ ಕೂತು ಕೈಯಿಂದ ಟಕ್ ಟಕ್ ಟಕ್ ಟಕ್ ಎಂದು ಕುಕ್ಕಿದ. ಕೋಳಿ ಕಾಳು ಹೆಕ್ಕಿದಂತೆ, ಕೈ ಮುಟ್ಟಿದೊಡನೆ ಮೇಲೆ. ಮಾಸ್ತರರು ತಂತಿ ಮೀಟಿದರೆ ಮರುದನಿ ಸರಿಯಾಗಿ ಕೂತಿತು. ಇನ್ನೊಮ್ಮೆ ಮಾಡಿಸಿದೆ. ಮತ್ತೂ ಸರಿ.

“ನೋಡ್ರಿ” ಅಂದೆ. “ಮಷಿನ್ ನೆಟ್ಟಗೈತಿ. ಐವತ್ತು ದಾಟೇತಿ ನಿಮಗ, ಕಾಲು ಒಂಚೂರು ಭಾರ ಆಗಿರಬೇಕು. ತಪ್ಪೇನಿಲ್ಲ, ಎಲ್ಲಾರಿಗೂ ಆಗ್ತೈತಿ.”

ಅವರು ತಮ್ಮ ಬಲಗಾಲನ್ನು ನೋಡಿಕೊಂಡರು. ಆಮೇಲೆ, “ಹೌದೇನ?” ಎಂದು ಕೇಳಿದ್ದು ನನ್ನನ್ನೋ ಕಾಲನ್ನೋ ತಿಳಿಯಲಿಲ್ಲ. ಬೆಲೆ ಇಳಿಯಿತೆಂದು ನನಗೆ ಗೊತ್ತಾಯಿತು. ಆ ಸಪ್ಪಳ ನಾನು ಬಲ್ಲೆ.

ಯಲ್ಲಾಪುರದ ಮದುವೆಯಲ್ಲಿ ಮಧ್ಯಾಹ್ನದ ಊಟದ ನಂತರ ನಮ್ಮ ಕಾರ್ಯಕ್ರಮ. ಎರಡನೆಯ ಹಾಡಿಗೇ ಎಕೋ ಇತ್ತು. ಮಾಸ್ತರರು ನಾಲ್ಕು ತಟ್ಟಿದರು, ತಂತಿ ಮೀಟಿದರು. ಡ್ರಮ್ಮು ಒಂದು ಕಡೆ, ಮರುದನಿ ಇನ್ನೊಂದು ಕಡೆ. ಹಾಡುವವಳು ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯದೆ ನಿಂತಳು. ನಿಲ್ಲಿಸಿ ಮತ್ತೆ ಶುರು ಮಾಡಿದರು. ಮತ್ತೂ ಹಾಗೇ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಣ್ಣಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿರೂಪಣೆಯ ಮೈಕು ನನ್ನ ಕೈಯಲ್ಲಿತ್ತು. ಸಂದರ್ಭ ಉಳಿಸಬೇಕಿತ್ತು. ನಾನಂದೆ: “ಕ್ಷಮಿಸಬೇಕು, ನಮ್ಮ ಟೈಪಿಂಗ್ ಮಾಸ್ತರು ಬೆಳಗ್ಗೆ ಗಡಿಯಾರಕ್ಕೆ ಕೀಲಿ ಕೊಡೋದು ಮರೆತು ಬಂದಾರ!”

ಇಡೀ ಮಂಟಪ ನಕ್ಕಿತು. ಅವರ ಹತ್ತಿರ ಕಲಿತ ಯಲ್ಲಾಪುರದ ಗುಮಾಸ್ತರು ಅಲ್ಲಿ ಐದಾರು ಜನರಾದರೂ ಇದ್ದರು. ಅವರೂ ನಕ್ಕರು. ಮಾಸ್ತರರೂ ನಕ್ಕರು. ಬಗ್ಗಿ ಡಬ್ಬಿಯ ವೈರು ಕಿತ್ತು ಬದಿಗಿಟ್ಟು, ಉಳಿದ ಹಾಡುಗಳಿಗೆಲ್ಲ ಬರೀ ಗಿಟಾರು ಬಾರಿಸಿದರು. ಒಂದು ಕೂದಲೆಳೆ ತಪ್ಪಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಸೇರಿ.

ವಾಪಸು ಬರುವಾಗ ಮಂಚಿಕೇರಿಯಲ್ಲಿ ಚಹಾಕ್ಕೆ ವ್ಯಾನು ನಿಲ್ಲಿಸಿದೆವು. ಇನ್ನೂ ಬೆಳಕಿತ್ತು. ಅವರು ಬೆಂಚಿನ ತುದಿಯಲ್ಲಿ ಕೂತು ಬಲಗಾಲಿನ ಹೆಬ್ಬೆರಳನ್ನು ಎತ್ತುವುದು ಇಳಿಸುವುದು ಮಾಡುತ್ತಿದ್ದರು. “ನೀ ಹೇಳಿದ್ದು ಖರೆ ತಮಾ. ಕಾಲಿಗೆ ಎಂತೋ ಆಜು ಕಾಣ್ತು” ಅಂದರು. “ಇಲ್ರಿ ಮಾಸ್ತರ, ಮಷಿನ್ ನೋಡಸೂಣು” ಎಂದು ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅವರ ಚಹಾದ ದುಡ್ಡು ಕೊಟ್ಟೆ.

ಮುಂದಿನ ಕಾರ್ಯಕ್ರಮಕ್ಕೆ ಹುಬ್ಬಳ್ಳಿಯಿಂದ ಒಬ್ಬ ಗಿಟಾರಿನವನನ್ನು ಕರೆಸಿದೆ. ಅವನು ಬೂಟುಗಾಲಲ್ಲಿ ಪೆಡಲನ್ನು ಒದ್ದು ಒದ್ದು ಕುಣಿಯುವವ. ಕಾಲು ಅದರ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಅವನಿಗೆ ಎಂದೂ ತಪ್ಪಲಿಲ್ಲ. ನನ್ನ ಮಾತೇ ಸರಿಯಾಯಿತೆಂದು ಎಲ್ಲರೂ ಒಪ್ಪಿದರು. ಮಾಸ್ತರರು ಜಗಳ ಆಡಲಿಲ್ಲ, ಮುನಿಸಿಕೊಳ್ಳಲಿಲ್ಲ. ಗಿಟಾರನ್ನು ತರಗತಿಯ ಗೋಡೆಗೆ ನೇತು ಹಾಕಿದರು. ಕಾಲಿನ ನರ ತೋರಿಸಲು ಹುಬ್ಬಳ್ಳಿಗೆ ಹೋಗಿ ಬಂದರು. ಡಾಕ್ಟರು ಏನೂ ಇಲ್ಲವೆಂದರಂತೆ. “ಡಾಕ್ಟರಿಗೆ ತಾಳ ಎಂತ ಗೊತ್ತಿದ್ದು?” ಅಂದರು.

ನನ್ನನ್ನು ಹೆಚ್ಚು ಚುಚ್ಚುವುದು ಗಿಟಾರಲ್ಲ. ಕೆಲವು ತಿಂಗಳ ಮೇಲೆ ಅವರ ಮೆಟ್ಟಿಲು ಹತ್ತಿದಾಗ ಮರದ ಸ್ಕೇಲಿನ ಸದ್ದು ಕೇಳಲಿಲ್ಲ. ಮೇಜಿನ ಮೇಲೆ ಟೇಪ್ ರೆಕಾರ್ಡರು, ಅದರಲ್ಲಿ ಯಾವುದೋ ಕ್ಯಾಸೆಟ್ಟಿನ ಟಿಕ್ ಟಿಕ್. ಮಕ್ಕಳು ಅದಕ್ಕೆ ಕುಟ್ಟುತ್ತಿದ್ದರು. “ಇದೇ ಚೊಲೊ. ಇದು ತಪ್ತಿಲ್ಲೆ” ಅಂದರು ಮಾಸ್ತರರು. ಸ್ಪೀಡ್ ಪರೀಕ್ಷೆಗೆ ಕೈಗಡಿಯಾರವನ್ನೂ ಕಟ್ಟಿಕೊಂಡಿದ್ದರು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಕ್ಕೆ ನನ್ನ ಆರ್ಕೆಸ್ಟ್ರಾ ಮುಗಿಯಿತು. ಜನ ಸೀಡಿ ಹಾಕಿಕೊಂಡು ತಾವೇ ಹಾಡತೊಡಗಿದ್ದರು. ಸಾಮಾನು ಒಂದೊಂದಾಗಿ ಮಾರಿದೆ. ಎಕೋ ಡಬ್ಬಿ ನೋಡಲು ಧಾರವಾಡದ ಒಬ್ಬ ಬಂದ, ತಿಳಿದವ. ಕಾಲುಪೆಡಲ್ ಎತ್ತಿ, ಅಡಿಯ ರಬ್ಬರು ಸಡಿಲಾದದ್ದನ್ನು ಉಗುರಿಂದ ಎಳೆದ. ನನ್ನ ಸೈಕಲ್ ಟ್ಯೂಬು ಸುಲಿದು ಬಂತು. ಅದರ ಕೆಳಗೆ ಬೆಂಕಿಕಡ್ಡಿಯ ಮದ್ದಿನಷ್ಟು ಚಿಕ್ಕ ಒಂದು ಗುಂಡಿ, ಅತ್ತಿತ್ತ ಸರಿಸುವಂಥದು.

“ಅಯ್ಯ, ಇದು ಉಲ್ಟಾ ಐತಲ್ರೀ” ಅಂದ. “ಕೆಲವು ಕೀಬೋರ್ಡಿಗೆ ಹಿಂಗ ಇರಬೇಕು, ಈ ಡಬ್ಬಿಗೆ ಹಂಗ. ಹಿಂಗ ಇಟ್ರ ಕಾಲ್ ಎತ್ತಿದಾಗ ಎಣಿಸ್ತೈತಿ. ಇಷ್ಟು ವರ್ಷ ಯಾರಿಗೂ ತಿಳೀಲಿಲ್ಲೇನ್ರಿ?”

ತಿಳಿದಿತ್ತು. ಒಬ್ಬರಿಗೆ ತಿಳಿದಿತ್ತು. ಧಾರವಾಡದವ ಉಗುರಿಂದ ಗುಂಡಿಯನ್ನು ಆಚೆ ಸರಿಸಿದ. ಟಿಕ್ ಅಂದಿತು. ಅಷ್ಟೇ ಕೆಲಸ. ಡಬ್ಬಿಗೆ ಅವನು ಕೇಳಿದ ಬೆಲೆಗೆ ಹೂಂ ಅಂದೆ. ಪೆಡಲು ಮಾತ್ರ ಕೊಡಲಿಲ್ಲ.

ಅದನ್ನು ಚೀಲದಲ್ಲಿಟ್ಟುಕೊಂಡು ಮರುದಿನವೇ ಮಾಸ್ತರರಲ್ಲಿಗೆ ಹೋದೆ. ತರಗತಿಯಲ್ಲಿ ಮಕ್ಕಳಿರಲಿಲ್ಲ. ಎಲ್ಲ ಕಂಪ್ಯೂಟರ್ ಕಲಿಯಲು ಹೋಗಿದ್ದರು. ಅವರೊಬ್ಬರೇ ಯಾರದೋ ಅರ್ಜಿ ಟೈಪು ಮಾಡುತ್ತಿದ್ದರು. ನನ್ನನ್ನು ಕಂಡು ಬಹಳ ಖುಷಿಪಟ್ಟರು. ಹೇಳಬೇಕಾದ್ದು ಹೇಳದೆ, ಹಳೆ ಮಷಿನ್ನು ಗುಜರಿಯವನಿಗೆ ಹೇಗೆ ಮಾರಬೇಕು, ಬಿಡಿಯಾಗಿ ಮಾರಿದರೆ ಲಾಭವೋ ಒಟ್ಟಿಗೋ ಎಂದು ಅರ್ಧ ತಾಸು ಉಪದೇಶ ಮಾಡಿ ಎದ್ದು ಬಂದೆ. ಇನ್ನೊಮ್ಮೆ ಸಿದ್ದಾಪುರದಿಂದ ಬರುವ ಬಸ್ಸಿನಲ್ಲಿ ಅಕ್ಕಪಕ್ಕವೇ ಕೂತೆವು. ಚೀಲ ತೊಡೆಯ ಮೇಲಿತ್ತು. “ಎಂತದು ಅಷ್ಟು ಅಪ್ಪಿ ಹಿಡ್ಕಂಡಿದ್ದೆ?” ಎಂದು ಕೇಳಿದರು. “ಏನಿಲ್ರಿ, ಒಂದ್ ರಿಪೇರಿ ಸಾಮಾನು” ಅಂದೆ. ಶಿರಸಿ ಬಂತು, ಇಳಿದೆವು. ವ್ಯಾಪಾರದಲ್ಲಿ ಮೊದಲು ಬಾಯಿ ಬಿಡದೆ ಹೊತ್ತು ಕಾಯುವುದು ನನಗೆ ರೂಢಿ. ಈ ವಿಷಯದಲ್ಲೂ ಒಳ್ಳೆಯ ಹೊತ್ತು ಕಾಯುತ್ತ ಕೂತೆ. ಎರಡು ವರ್ಷ ಕಾದೆ. ಆಮೇಲೆ ಒಂದು ಬೆಳಗ್ಗೆ ಅವರು ಎದೆ ನೋವೆಂದು ಕೂತವರು ಏಳಲಿಲ್ಲ ಎಂಬ ಸುದ್ದಿ ಬಂತು.

ಹದಿಮೂರನೆಯ ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಕೂತರು. ಮಾತಿಗೆ ಮಾತು ಬಂದು ಹೇಳಿದರು: “ದಿನಾ ಬೆಳಗ್ಗೆ ವಾರ್ತೆಗಿಂತ ಮೊದಲು ರೇಡಿಯೋದಲ್ಲಿ ಪೀಂ ಪೀಂ ಹೇಳಿ ಹೊಡೀತಲ, ಅದಕ್ಕೆ ಸರಿಯಾಗಿ ಕಾಲು ತಟ್ತಿದ್ರು. ‘ಸರಿ ಬತ್ತು ಅಲ್ದನೇ?’ ಹೇಳಿ ಯನ್ನ ಕೇಳೂದು. ಯಂಗೆ ಎಂತ ಗೊತ್ತಾಗ್ತು? ಸರಿ ಇದ್ದು ಹೇಳಿ ಆನು ಹೇಳ್ತಿದ್ದಿ. ‘ನೀ ಹೇಳಿರೆ ಆಗ್ತಿಲ್ಲೆ, ಗೊತ್ತಿದ್ದವ್ರು ಹೇಳಕು’ ಹೇಳ್ತಿದ್ರು.”

ಆಗ ಚೀಲದಿಂದ ಪೆಡಲ್ ತೆಗೆದು ಅವರ ಮುಂದಿಟ್ಟು, ಎಲ್ಲ ಹೇಳಿದೆ. ರಬ್ಬರು, ಗುಂಡಿ, ನಾನೂರೈವತ್ತು, ಮೈಕಿನಲ್ಲಿ ಆಡಿದ ಮಾತು. ಅವರು ಆ ಗುಂಡಿಯನ್ನು ಬೆರಳಿಂದ ಒಮ್ಮೆ ಅತ್ತ, ಒಮ್ಮೆ ಇತ್ತ ಸರಿಸಿ ನೋಡಿದರು.

“ಇದನ್ನ ಅವ್ರಿಗೆ ಹೇಳಿದ್ರೆ ಆಗ್ತಿತ್ತಲ ತಮಾ” ಅಂದರು. ಬೈಯಲಿಲ್ಲ. ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಈಗ ಇಂಥ ಪೆಡಲ್‌ಗಳು ಎಲ್ಲೆಂದರಲ್ಲಿ ಸಿಗುತ್ತವೆ. ನೀವು ಕೊಳ್ಳುವವರಾದರೆ ನನ್ನಿಂದ ಇಷ್ಟು ಕೇಳಿಕೊಳ್ಳಿ. ಡಬ್ಬಿಯ ಬೆಲೆ ಬೇಕಾದಷ್ಟು ಚೌಕಾಶಿ ಮಾಡಿ, ಕಾಲುಪೆಡಲ್ ಮಾತ್ರ ಅದಕ್ಕೆ ಹೇಳಿದ್ದನ್ನೇ ತನ್ನಿ. ಬೇರೆ ಯಾವುದನ್ನಾದರೂ ಸಿಕ್ಕಿಸುವುದಾದರೆ ಮೊದಲು ಮಗುಚಿ ಅಡಿಯಲ್ಲಿ ಗುಂಡಿ ಇದೆಯೇ ನೋಡಿ, ಅದರ ಮೇಲೆ ಏನನ್ನೂ ಅಂಟಿಸಬೇಡಿ. ಪರೀಕ್ಷಿಸುವಾಗ ಕೋಳಿ ಕುಕ್ಕಿದಂತೆ ಕುಕ್ಕಬೇಡಿ. ನಾಲ್ಕನೆಯ ತಟ್ಟಿಗೆ ಕಾಲನ್ನು ಒತ್ತಿಯೇ ಹಿಡಿದು ನಿಲ್ಲಿ. ಕಾಲು ಎತ್ತುವ ಮೊದಲೇ ಮರುದನಿ ಹೊಸ ತಾಳಕ್ಕೆ ಬಂದರೆ ಪೆಡಲ್ ಸರಿ, ಎತ್ತಿದ ಮೇಲೆ ಬಂದರೆ ಉಲ್ಟಾ. ತಟ್ಟುವ ಮೊದಲು ಎರಡು ಆವರ್ತನ ಸುಮ್ಮನೆ ಕೇಳಿ, ಡ್ರಮ್ಮಿನ ಹತ್ತಿರ ನಿಲ್ಲಿ, ತಪ್ಪಿತೆನಿಸಿದರೆ ಒಂದೇ ಒಂದು ತಟ್ಟು ಸೇರಿಸಿ ತಿದ್ದಲು ಹೋಗದೆ ನಾಲ್ಕನ್ನೂ ಮೊದಲಿಂದ ತಟ್ಟಿ. ಈ ಕೊನೆಯ ಮೂರು ಮಾಸ್ತರರು ಅಭ್ಯಾಸದಲ್ಲಿ ಮಾಡಿ ತೋರಿಸಿದವು, ನನ್ನವಲ್ಲ. ಬಾರಿಸುವವ ಮಷಿನ್ನಿನದು ತಪ್ಪು ಅಂದರೆ ಮಷಿನ್ನು ಮಗುಚಿ ನೋಡಿ, ಅವನ ಕಾಲನ್ನು ಆಮೇಲೆ ನೋಡಿದರಾಯಿತು. ತಪ್ಪು ನಿಮ್ಮದೆಂದು ಎಂದಾದರೂ ತಿಳಿದರೆ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಬೇಡಿ. ಪಕ್ಕದಲ್ಲಿ ಕೂತವರು ಚೀಲದಲ್ಲಿ ಏನೆಂದು ಕೇಳಿದರೆ, ಬಸ್ಸಿನಲ್ಲೇ ಆದರೂ ಸರಿ, ತೆಗೆದು ತೋರಿಸಿ.